ಮಾಯದ ಗಾಯ, ಹೋಗದ ತುರಿಕೆ

ಆ ಹೆಣ್ಣುಮಗಳು ಮೊದಲ ಸಲ ನನ್ನ ಹತ್ತಿರ ಬಂದದ್ದು ಹಲ್ಲುನೋವು ಅಂತ. ಬಾಯಿ ತೆರೆಸಿ ನೋಡಿದೆ. ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು, ಒಳತುಟಿ ಸೀಳಿತ್ತು. ಏನಾಯಿತು ಎಂದರೆ ಬಾಗಿಲು ಬಡಿಯಿತು ಎಂದಳು. ಮೂಗಿಗೆ ಏನೂ ಮಾಡದೆ ನೇರವಾಗಿ ಹಲ್ಲಿಗೇ ಬಡಿಯುವ ಬಾಗಿಲುಗಳನ್ನು ನಾನು ಆ ಸೀಮೆಯಲ್ಲಿ ವಾರ ವಾರವೂ ನೋಡುತ್ತಿದ್ದೆ. ಎಲ್ಲ ಬಾಗಿಲಿಗೂ ಮೀಸೆ ಇರುತ್ತಿತ್ತು.

ಎಂಬತ್ತರ ದಶಕದ ಮಾತು. ಅಫಜಲಪುರ ತಾಲೂಕಿನಲ್ಲಿ, ಅತನೂರಿನ ಕಡೆಯ ಒಂದು ಸಣ್ಣ ಸರಕಾರಿ ದವಾಖಾನೆಗೆ ನಾನೊಬ್ಬಳೇ ಡಾಕ್ಟರು, ಊರವರಿಗೆಲ್ಲ 'ಬಾಯಾರು'. ಜೊತೆಗೆ ಒಬ್ಬ ಕಂಪೌಂಡರು, ಒಬ್ಬಳು ಆಯಾ. ಆಯಾ ಮುಸಲ್ಮಾನರ ಹೆಂಗಸು, ಗಟ್ಟಿ ಆಳು. ಕನ್ನಡದಲ್ಲಿ ಸಮಾಧಾನ ಹೇಳಿ ಉರ್ದುವಿನಲ್ಲಿ ಬೈಯುತ್ತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಬೇಸರಪಡುತ್ತಿದ್ದರು. ಆ ದವಾಖಾನೆಯಲ್ಲಿ ಮಾತ್ರ ಅದು ಉಪಯೋಗಕ್ಕೆ ಬಂತು.

ತುಟಿಗೆ ಔಷಧ ಹಚ್ಚಿ, ಇನ್ನು ಹೋಗು ಎಂದರೂ ಆಕೆ ಏಳಲಿಲ್ಲ. ಸ್ಟೂಲಿನ ಮೇಲೆ ಸರಿಯಾಗಿ ಕೂತೂ ಇರಲಿಲ್ಲ, ಒಂದೇ ಮಗ್ಗುಲಿಗೆ ಭಾರ ಹಾಕಿದ್ದಳು. ಕಂಪೌಂಡರನ್ನು ಹೊರಗೆ ಕಳಿಸಿದ ಮೇಲೆ ಸೆರಗನ್ನು ಬಾಯಿಗೆ ಹಿಡಿದುಕೊಂಡು ಹೇಳಿದಳು.

"ಬಿಳಿ ಹೋಗ್ತದ್ರಿ ಬಾಯಾರ. ತುರಕಿ ಅಂದ್ರ ತುರಕಿ, ಉರಿ ಅಂದ್ರ ಉರಿ. ಕುಂದ್ರಗೊಡಂಗಿಲ್ಲ, ಮಲಗಗೊಡಂಗಿಲ್ಲ. ಮನ್ಯಾಗ ಅವರು ಹತ್ರ ಬಂದ್ರ ಒಲ್ಲೆ ಅಂತೇನಿ. ಒಲ್ಲೆ ಅಂದ್ರ ಹೊಡೀತಾರ. ಹೂಂ ಅಂದ್ರ ಸಾಯೂ ಹಂಗ ಉರೀತದ."

"ಎಷ್ಟ ದಿನಾತು?"

"ಬರ್ತದ, ಹೋಗ್ತದ, ಮತ್ತ ಬರ್ತದ್ರಿ. ವರ್ಷಾತು."

ಪರದೆ ಎಳೆದು ಪರೀಕ್ಷೆ ಮಾಡಿದೆ. ಹೊರಗೆಲ್ಲ ಕೆಂಪಾಗಿ ಊದಿಕೊಂಡಿತ್ತು, ಉಗುರಿನಿಂದ ಕೆರೆದ ಗೀರುಗಳಿದ್ದವು. ಒಳಗನ್ನು ಅಗಲಿಸಿ ತೋರಿಸುವ ಸ್ಪೆಕ್ಯುಲಮ್ ಹಾಕಿ ಆಯಾ ಹಿಡಿದ ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಒಡೆದ ಮೊಸರಿನ ಹಾಗೆ ಬಿಳಿ ಹೆಪ್ಪು ಒಳಗೋಡೆಗೆ ಅಂಟಿತ್ತು. ಕೆಟ್ಟ ವಾಸನೆ ಇಲ್ಲ, ಹಸಿರು-ಹಳದಿ ನೊರೆ ಇಲ್ಲ, ಜ್ವರ ಇಲ್ಲ, ಕೆಳಹೊಟ್ಟೆ ಒತ್ತಿದರೆ ನೋವಿಲ್ಲ, ಮುಟ್ಟಿನ ನಡುವೆ ರಕ್ತ ಕಂಡಿಲ್ಲ. ಇವುಗಳಲ್ಲಿ ಒಂದು ಇದ್ದರೂ ದಾರಿ ಬೇರೆ, ಔಷಧ ಬೇರೆ. ಹೆಣ್ಣಿನ ಮೈಯಲ್ಲಿ ಸಹಜವಾಗಿ ಹೋಗುವ ಬಿಳುಪು ಬೇರೆ, ಬೇನೆಯ ಬಿಳುಪು ಬೇರೆ. ಇದು ಶಿಲೀಂಧ್ರದ ಸೋಂಕು, ಹಳೇ ರೊಟ್ಟಿಗೆ ಹಿಡಿಯುವ ಬೂಸರಿನ ಸಂಬಂಧಿ. ಮೈಯಲ್ಲಿ ಸದಾ ಸ್ವಲ್ಪ ಇರುತ್ತದೆ, ಅನುಕೂಲ ಸಿಕ್ಕರೆ ಹಬ್ಬುತ್ತದೆ.

ಒಳಗಿಡುವ ಒಳ್ಳೆಯ ಗುಳಿಗೆ ನಮ್ಮ ದವಾಖಾನೆಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಯಾವಾಗಲೂ ಇದ್ದದ್ದು ಜೆನ್ಶನ್ ವಯೊಲೆಟ್, ನೇರಳೆ ಹಣ್ಣಿನ ಬಣ್ಣದ ದ್ರಾವಣ. ಆ ಕಡೆ ಎಲ್ಲರೂ ಅದನ್ನು ಜಾಂಬಳಿ ಔಷಧ ಎನ್ನುತ್ತಿದ್ದರು. ಅರಳೆಯಿಂದ ಹೆಪ್ಪನ್ನು ಒರೆಸಿ ತೆಗೆದು, ಇಕ್ಕಳಕ್ಕೆ ಇನ್ನೊಂದು ಅರಳೆ ಉಂಡೆ ಸಿಕ್ಕಿಸಿ, ದ್ರಾವಣದಲ್ಲಿ ಅದ್ದಿ ಒಳಗೆಲ್ಲ ಬಳಿದೆ. ಒಳಗೆ ಸಾಬೂನು ಹಾಕಿ ತೊಳೆಯಬೇಡ, ಬೇವು-ಅರಿಶಿಣ-ಸುಣ್ಣ ಏನನ್ನೂ ಇಡಬೇಡ, ಒಣಗಿದ ಅರಿವೆ ಉಡು, ಕೆಲವು ದಿನ ಗಂಡನಿಂದ ದೂರ ಇರು ಎಂದೆ. ಕೊನೆಯ ಮಾತಿಗೆ ಆಕೆ ನಕ್ಕಳು. ಅವತ್ತು ಅವಳು ನಕ್ಕದ್ದು ಅದೊಂದೇ ಸಲ.

ತುರಿಕೆ ನಿಂತಿತು. ಜೋಳದ ರಾಶಿ ಮುಗಿಯುವ ಹೊತ್ತಿಗೆ ಮತ್ತೆ ಬಂದಳು, ಅದೇ ಹೆಪ್ಪು, ಅದೇ ಗೀರು. ಈ ಸಲ ತೋಳಿನ ಮೇಲೆ ಬಳೆ ಒಡೆದು ಚುಚ್ಚಿದ ಗಾಯಗಳು ಬೇರೆ. ಮತ್ತೆ ಬಳಿದೆ. ಗಂಡನಿಗೂ ಇದ್ದರೆ ಅವನಿಂದ ತಿರುಗಿ ಬರಬಹುದು, ಒಮ್ಮೆ ಕರೆದುಕೊಂಡು ಬಾ ಎಂದೆ. "ಕರದ್ರ ನಂದು ಹೆಣಾ ಬರ್ತದ್ರಿ" ಎಂದಳು. ನಿಂತಿತು, ಮತ್ತೆ ಬಂತು. ಬೇಸಿಗೆ ಏರುತ್ತಿತ್ತು. ಬಾಯಿ ಆರುತ್ತದೆ, ಕೊಡಗಟ್ಟಲೆ ನೀರು ಕುಡಿಯುತ್ತೇನೆ ಎಂದಳು. ಭೀಮಾ ದಂಡೆಯ ಆ ಬಿಸಿಲಿನಲ್ಲಿ ಕೊಡಗಟ್ಟಲೆ ನೀರು ಕುಡಿಯದವರು ಯಾರಿದ್ದರು? ಅದು ನನಗೆ ಲಕ್ಷಣ ಅನ್ನಿಸಲಿಲ್ಲ.

ಆಮೇಲೆ ಆದದ್ದು ಆ ಬಣ್ಣದ ದೆಸೆಯಿಂದ. ಜಾಂಬಳಿ ಔಷಧದ ಕಲೆ ಯಾವ ಅರಿವೆಗೆ ಹತ್ತಿದರೂ ಬಿಡುವುದಿಲ್ಲ. ದೂರ ಇರು ಎಂದದ್ದನ್ನು ಗಂಡ ಕೇಳಿರಲಿಲ್ಲ, ಅವನು ಕೇಳುವಂತೆ ಮಾಡುವ ಶಕ್ತಿ ಆಕೆಗೆ ಇರಲಿಲ್ಲ. ಅವನ ಬಿಳಿ ಧೋತರಕ್ಕೆ ಕಲೆ ಹತ್ತಿತು. ಹಳ್ಳದಲ್ಲಿ ಒಗೆಯಲು ಹಾಕಿದಾಗ ನೋಡಿದವರು ನೋಡಿದರು. ಚಹಾದಂಗಡಿಯ ಮುಂದೆ ಯಾರೋ "ಗೌಡ್ರ, ಜಾಂಬಳಿ ಹಣ್ಣ ಸೀ ಇದ್ದವೇನ್ರಿ?" ಎಂದರಂತೆ. ಊರಿಗೆ ಊರೇ ನಕ್ಕಿತು. ಅವನು ಅಲ್ಲಿ ಯಾರನ್ನೂ ಏನೂ ಅನ್ನಲಿಲ್ಲ. ಮನೆಗೆ ಹೋಗಿ ಎತ್ತು ಹೊಡೆಯುವ ಬಾರಕೋಲು ತೆಗೆದುಕೊಂಡು ಹೆಂಡತಿಯ ತಲೆ ಒಡೆದ.

ಅವಳನ್ನು ಓಣಿಯ ಹೆಂಗಸರು ಎತ್ತಿಕೊಂಡು ತಂದರು. ಸೀರೆ ಎದೆಯವರೆಗೆ ರಕ್ತವಾಗಿತ್ತು. ಕೂದಲು ಕತ್ತರಿಸಿ, ಬ್ಲೇಡಿನಿಂದ ಬೋಳಿಸಿ, ಗಾಯ ತೊಳೆದೆ. ಬುರುಡೆ ಒಡೆದಿರಲಿಲ್ಲ, ಚರ್ಮ ಮಾತ್ರ ಬಾಯ್ಬಿಟ್ಟಿತ್ತು. ಹೊಲಿಗೆ ಹಾಕುತ್ತಿರುವಾಗಲೇ ಹೊರಗೆ ಗದ್ದಲವಾಯಿತು. ಆಯಾ ಬಾಗಿಲು ಹಾಕುವಷ್ಟರಲ್ಲಿ ಗಂಡ ಒದ್ದುಕೊಂಡು ಒಳಗೆ ಬಂದ. ಕೈಯಲ್ಲಿ ಅದೇ ಬಾರಕೋಲು.

"ನನ್ನ ಹೇಣ್ತಿಗಿ ಬಣ್ಣಾ ಬಳ್ಯಾಕ ನೀ ಯಾರ್ ಬೇ? ಊರ ಮುಂದ ನನ್ನ ಮರ್ಯಾದಿ ತಗದಿ. ಹೊಲಸ ಬಿಮಾರಿ ತಂದಾಳ ಇಕಿ. ಯಾವನ ಹಂತೇಲಿಂದ ತಂದಾಳ, ಮೊದಲ ಅದು ಕೇಳು!"

ಬಾರಕೋಲು ಬೀಸಿದ. ಔಷಧದ ಶೀಶೆಗಳ ಸಾಲು ಪೂರಾ ನೆಲಕ್ಕೆ ಬಿತ್ತು. ಜಾಂಬಳಿ ಶೀಶೆ ಒಡೆದು ನೆಲ, ಗೋಡೆ, ನನ್ನ ಸೀರೆ ಎಲ್ಲ ನೇರಳೆಯಾಯಿತು. ಅರ್ಧ ಹಾಕಿದ ಹೊಲಿಗೆಯ ದಾರ ತಲೆಯಿಂದ ಜೋತಾಡುತ್ತಿರುವಾಗಲೇ ಆಕೆ ಮೇಜಿನಿಂದ ಇಳಿದು ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ಅಷ್ಟು ಬೇಗ, ಅಷ್ಟು ರೂಢಿಯಿಂದ ಹಾಗೆ ಕೂತಳು. ಕೈಗೆ ಸಿಕ್ಕ ತಗಡಿನ ಟ್ರೇಯನ್ನು ಬೀಸಿ ಒಗೆದೆ. ಅದರ ಅಂಚು ಅವನ ಕಿವಿಗೆ ಬಡಿದು ರಕ್ತ ಬಂತು. ಆಯಾ ಹಿಂದಿನಿಂದ ಬಾಗಿಲಿನ ಅಗಳಿ ತೆಗೆದುಕೊಂಡು ಅವನ ಬೆನ್ನಿಗೆ ಹಾಕಿದಳು, ಜೊತೆಗೆ ಉರ್ದುವಿನಲ್ಲಿ ಅವನ ಹಿರಿಯರನ್ನೆಲ್ಲ ನೆನೆದಳು. ಅವನು ಕಿವಿ ಹಿಡಿದುಕೊಂಡು ಹೊರಗೆ ಹೋದ. ಕಿವಿಗೆ ಹೊಲಿಗೆ ಬೇಕಿರಲಿಲ್ಲ, ಬೇಕಿದ್ದರೂ ಅವತ್ತು ನಾನು ಹಾಕುತ್ತಿದ್ದೆನೋ ಇಲ್ಲವೋ.

ಪೊಲೀಸರಿಗೆ ಬರೆದು ಕಳಿಸಿದೆ. ಜಮಾದಾರ ಬಂದು ಚಹಾ ಕುಡಿದು "ಗಂಡಾ-ಹೇಣ್ತಿ ಜಗಳ ಬಾಯಾರ, ನೀವ್ಯಾಕ ನಡುವ ಬರ್ತೀರಿ" ಎಂದು ಹೋದ. ಆಕೆಯೂ ನನ್ನ ಕೈ ಹಿಡಿದು ಬೇಡಿಕೊಂಡಳು. "ಇನ್ನೊಂದ ಮದವಿ ಆಗ್ತೇನಿ ಅಂತ ಕುಂತಾರ್ರಿ. ಕೇಸ್ ಆದ್ರ ಇವತ್ತೇ ಹೊರಗ ಹಾಕ್ತಾರ. ಎರಡ ಹುಡುಗ್ರ ಬಿಟ್ಟು ಎಲ್ಲಿಗಿ ಹೋಗ್ಲಿ? ನೀವು ಈ ಬಿಳಿ ಒಂದು ನಿಲ್ಲಿಸಿ ಕೊಡ್ರಿ." ಅವಳ ಬಾಳೆಲ್ಲ ಬಂದು ಆ ಒಂದು ತುರಿಕೆಯ ಮೇಲೆ ನಿಂತಿತ್ತು. ನನ್ನ ಹತ್ತಿರ ಅದಕ್ಕೆ ಇದ್ದ ಔಷಧ ನೆಲದ ಮೇಲೆ ಚೆಲ್ಲಿತ್ತು.

ಹೊಲಿಗೆ ಬಿಚ್ಚುವ ದಿನ ಅವಳ ಜೊತೆ ಅತ್ತೆ ಬಂದಳು. ಅಲ್ಲಿಯವರೆಗೆ ಆ ಮುದುಕಿ ಒಮ್ಮೆಯೂ ಬಂದಿರಲಿಲ್ಲ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಮುಖ ಗಂಟು ಹಾಕಿಕೊಂಡಿತ್ತು. ಮಗ ಸೊಸೆಯನ್ನು ಹೊಡೆಯುವುದನ್ನು ವರ್ಷಗಟ್ಟಲೆ ನೋಡಿ ಸುಮ್ಮನಿದ್ದವಳು ಈಗ ಯಾಕೆ ಬಂದಳು ಎಂದು ಕೇಳಿದೆ. ನನ್ನ ದನಿಯಲ್ಲಿ ಗೌರವ ಇರಲಿಲ್ಲ.

"ನಿನ್ನಿ ಇಕಿ ಲಿಂಗಪೂಜಿಗಿ ಕುಂತಿದ್ಲ್ರಿ" ಎಂದಳು ಮುದುಕಿ. "ಹೊಲಸ ಮೈಲೆ ಲಿಂಗಾ ಮುಟ್ಟತಿ ಅಂತ ಅಂವ ಇಕಿ ಕೊಳ್ಳಾನ ಲಿಂಗದ ದಾರಾ ಹರದ ಒಗದ. ಲಿಂಗಾ ಕಟ್ಟಿದ ಮೈಗಿ ಎಲ್ಲೀ ಮೈಲಿಗ್ರಿ? ಮುಟ್ಟಾದ್ರೂ ಇಲ್ಲ, ಹಡದ್ರೂ ಇಲ್ಲ, ಸತ್ರೂ ಇಲ್ಲ ಅಂತ ನಮ್ಮ ಹಿರ್ಯಾರು ಹೇಳ್ಯಾರ. ಹೊಡದದ್ದು ಸೋಸಿದೆ, ತಡಕೊಂಡೆ. ಇದು ಹ್ಯಾಂಗ ಸೋಸಲಿ?"

ತಲೆ ಒಡೆದದ್ದಕ್ಕೆ ಬಾರದ ಸಿಟ್ಟು ದಾರ ಹರಿದದ್ದಕ್ಕೆ ಬಂದಿತ್ತು. ಯಾವುದಕ್ಕಾದರೂ ಬಂತಲ್ಲ ಎಂದುಕೊಂಡು ಪಟ್ಟಿ ಬಿಚ್ಚಿದೆ.

ಗಾಯ ಕೂಡಿರಲಿಲ್ಲ. ಅಂಚುಗಳು ಬೆಳ್ಳಗಾಗಿ ಬಾಯ್ಬಿಟ್ಟಿದ್ದವು, ಒತ್ತಿದರೆ ಕೀವು ಬಂತು. ಒಂದು ಹೊಲಿಗೆ ತಾನಾಗಿ ಕಿತ್ತು ಬಂದಿತ್ತು. ನಾನು ಇಕ್ಕಳ ಹಿಡಿದುಕೊಂಡು ಹಾಗೇ ನಿಂತೆ. ನೆತ್ತಿಗೆ ರಕ್ತ ಧಾರಾಳವಾಗಿ ಹರಿಯುತ್ತದೆ, ಮೈಯಲ್ಲಿ ಎಲ್ಲಕ್ಕಿಂತ ಬೇಗ ಮಾಯುವ ಜಾಗಗಳಲ್ಲಿ ಅದೊಂದು. ಮೂವತ್ತರ ಆಸುಪಾಸಿನ ಹೆಂಗಸು, ಚೊಕ್ಕವಾಗಿ ತೊಳೆದು ಹಾಕಿದ ಹೊಲಿಗೆ. ಯಾಕೆ ಮಾಯಲಿಲ್ಲ? ಹೋದರೂ ತಿರುಗಿ ಬರುವ ಬೂಸರು, ಕೊಡಗಟ್ಟಲೆ ನೀರು, ಮಾಯದ ಗಾಯ, ಈ ಮೂರನ್ನೂ ನಾನು ಅಲ್ಲಿಯವರೆಗೆ ಒಂದೇ ಸಾಲಿನಲ್ಲಿ ಇಟ್ಟು ನೋಡಿರಲಿಲ್ಲ.

"ಹಡದಾಗ ಕೂಸು ಹ್ಯಾಂಗಿದ್ದು?" ಎಂದು ಕೇಳಿದೆ.

"ಕಡೀದು ಭಾಳ ದೊಡ್ಡ ಕೂಸ್ರಿ. ಹೊಟ್ಟ್ಯಾಗೇ ಸತ್ತಿತ್ತು" ಎಂದಳು ಅತ್ತೆ.

"ಇಕಿಗಿ ಏನೇನ ತಿನ್ನಾಕ ಕೊಡ್ತಿ?"

ಮುದುಕಿಯ ಮುಖ ಮೊದಲ ಸಲ ಅರಳಿತು. "ನಾ ಏನೂ ಕಡಿಮಿ ಮಾಡಿಲ್ರಿ. ಬಿಳಿ ಹೋಗೂದು ಅಂದ್ರ ಒಳಗ ಉಷ್ಣ ಅಲ್ರಿ? ದಿನಾ ಮುಂಜಾನಿ ಬಟ್ಟಲ ತುಂಬ ಕಲ್ಲಸಕ್ಕರಿ ನೀರು, ಮಧ್ಯಾಹ್ನ ಬೆಲ್ಲದ ಪಾನಕ, ಮಲಗೂ ಮುಂದ ಮತ್ತ ಕಲ್ಲಸಕ್ಕರಿ. ತಂಪಾಗ್ಲಿ ಅಂತ ನನ್ನ ಕೈಯಾರೆ ಕುಡಸ್ತೇನಿ."

ಆ ಮನೆಯಲ್ಲಿ ಆಕೆಗೆ ಯಾರಾದರೂ ಪ್ರೀತಿಯಿಂದ ಏನಾದರೂ ಕೊಟ್ಟಿದ್ದರೆ ಅದು ಆ ಬಟ್ಟಲು ಒಂದೇ.

ಆಕೆಯ ಮೂತ್ರ ಹಿಡಿದು ತರಿಸಿದೆ. ಪರೀಕ್ಷೆ ಸುಲಭದ್ದು. ಗಾಜಿನ ನಳಿಗೆಯಲ್ಲಿ ಬೆನೆಡಿಕ್ಟ್ ದ್ರಾವಣ ಹಾಕಬೇಕು, ಅದು ಶುದ್ಧ ನೀಲಿ. ಅದಕ್ಕೆ ಕೆಲವು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಉಕ್ಕಿ ಹೊರಗೆ ಬರದ ಹಾಗೆ ಅಲ್ಲಾಡಿಸುತ್ತ ಕಾಯಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಸ್ವಲ್ಪ ಇದ್ದರೆ ಹಸಿರು, ಹೆಚ್ಚಿದ್ದರೆ ಹಳದಿ, ತೀರ ಹೆಚ್ಚಿದ್ದರೆ ಇಟ್ಟಂಗಿಯ ಕೆಂಪು. ಆಕೆಯದು ಹಸಿರು-ಹಳದಿ ಒಂದರಲ್ಲೂ ನಿಲ್ಲದೆ ಒಂದೇ ಓಟಕ್ಕೆ ಇಟ್ಟಂಗಿಯಾಯಿತು.

ಅತ್ತೆಗೂ ಸೊಸೆಗೂ ನಳಿಗೆ ತೋರಿಸಿ ಹೇಳಿದೆ. ಇದು ಯಾವ ಗಂಡಸಿನಿಂದಲೂ ಬಂದದ್ದಲ್ಲ. ಸಕ್ಕರೆ ಕಾಯಿಲೆ. ಮೈಯಲ್ಲಿ ಸಕ್ಕರೆ ತುಂಬಿ ಹರಿಯುತ್ತಿರುವವರೆಗೆ ಆ ಬೂಸರಿಗೆ ಹಬ್ಬದೂಟ, ಮೇಲೆ ಎಷ್ಟು ಬಣ್ಣ ಬಳಿದರೂ ಅದು ತಿರುಗಿ ಬರುತ್ತದೆ. ಗಾಯ ಮಾಯದಿರುವುದೂ, ಕೂಸು ಅಷ್ಟು ದೊಡ್ಡದಾಗಿ ಬೆಳೆದು ಹೊಟ್ಟೆಯಲ್ಲೇ ಸತ್ತದ್ದೂ ಅದಕ್ಕೇ. ಕಲ್ಲುಸಕ್ಕರೆ ತಂಪು ಮಾಡಲಿಲ್ಲ, ಬೇನೆಗೇ ಉಣ್ಣಿಸಿತು. ಇದು ಹಲವು ಸಲ ರಕ್ತಸಂಬಂಧದಲ್ಲಿ ಇಳಿದು ಬರುತ್ತದೆ, ತವರುಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ಸೊಸೆಯನ್ನು ಕೇಳಿದೆ.

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಎದ್ದು ನಿಂತು ಪರದೆಯ ಹಿಂದೆ ಹೋಗಿ "ಬಾಯಾರ, ಇಲ್ಲಿ ಬರ್ರಿ" ಎಂದಳು. ಸೀರೆ ಸರಿಸಿ ಕೆಳಹೊಟ್ಟೆ ತೋರಿಸಿದಳು. ಸಾಲಾಗಿ ಹಳೆಯ ಬರೆಗಳು. ಕಾದ ಕಬ್ಬಿಣ ಇಟ್ಟ ಗುರುತುಗಳು ಮುದಿ ಚರ್ಮದಲ್ಲಿ ನೂಲಿನ ಹಾಗೆ ಬೆಳ್ಳಗೆ ಕಾಣುತ್ತಿದ್ದವು.

"ನನಗೂ ಇದ ಇತ್ರಿ, ಹರೇದಾಗ. ಔಷಧ ಅಂತ ಕಲ್ಲಸಕ್ಕರಿ ಕುಡಿಸಿದ್ರು, ಬರಿ ಕೊಟ್ರು. ಮಂಚಕ್ಕ ಕೈಕಾಲು ಕಟ್ಟಿದ್ರು. ನಿಂದ್ರಲಿಲ್ಲ. ನನ್ನ ಗಂಡ ಇನ್ನೊಬ್ಬಾಕಿನ್ನ ತಂದ. ಇನ್ನೂ ಅದರಿ, ಈಗ್ಲೂ ತುರಸ್ತದ. ಯಾರಿಗಿ ಹೇಳಲಿ? ನಂದೂ ನೋಡ್ರಿ."

ನೋಡಿದೆ. ಅವಳದೂ ಇಟ್ಟಂಗಿ ಬಣ್ಣಕ್ಕೇ ಹೋಗಿ ನಿಂತಿತು. ಆಗ ಕೇಳಿದ ಮೇಲೆ ತಿಳಿದದ್ದು, ಸೊಸೆ ಅವಳ ಸ್ವಂತ ಅಣ್ಣನ ಮಗಳು. ಆ ಕಡೆ ಅದೇ ರೂಢಿ, ಸೋದರಮಾವನ ಮಗಳನ್ನು ತರುವುದು. ಆ ಮುದುಕಿ ತನ್ನ ಬೇನೆ ಇದ್ದ ಮನೆಯಿಂದಲೇ ಸೊಸೆಯನ್ನು ತಂದಿದ್ದಳು, ತನಗೆ ಕುಡಿಸಿದ ಕಲ್ಲುಸಕ್ಕರೆಯನ್ನೇ ಅವಳಿಗೂ ಕುಡಿಸಿದ್ದಳು. ಇದೆಲ್ಲ ಅರ್ಥವಾದಾಗ ಅವಳು ಸೊಸೆಯ ಬೋಳಿಸಿದ ತಲೆಯ ಮೇಲೆ ಕೈಯಿಟ್ಟು "ನಾನೇ ವಿಷ ಹಾಕಿದ್ನಲ್ಲ ಯವ್ವಾ" ಎಂದು ಗೋಳೋ ಎಂದು ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು.

ಗಂಡ ಹೊರಗೆ ಬೇವಿನ ಮರದ ಕೆಳಗೆ ಬಂಡಿ ನಿಲ್ಲಿಸಿಕೊಂಡು ಕೂತಿದ್ದ. ಕಿವಿಗೆ ಅರಿವೆ ಸುತ್ತಿದ್ದ. ಹೆಂಡತಿಗೆ ಆದದ್ದು ಏನೆಂದು ನಾನು ಅವನಿಗೆ ಅಲ್ಲೇ, ಜನರ ಮುಂದೆಯೇ ಹೇಳಿದೆ. ಊರ ಮುಂದೆ ಅವಳ ಹೆಸರು ಕೆಡಿಸಿದ್ದ, ಊರ ಮುಂದೆಯೇ ತೊಳೆಯಬೇಕು ಎಂದು ನಿರ್ಧರಿಸಿದ್ದೆ. ಅವನು ಪೂರಾ ಕೇಳಲಿಲ್ಲ.

"ಅಂದ್ರ ಜೀವನಪೂರ್ತಿ ಬಿಮಾರಿ! ಆಕಿ ತವರಮನಿ ರಕ್ತನೇ ಹೊಲಸ. ಇವತ್ತೇ ಬಿಟ್ಟೆ. ಇಕಿನ್ನ ಇಲ್ಲೇ ಬಿಟ್ಟು ನಡಿ ಯವ್ವಾ."

ಸೊಸೆ ಎರಡು ಹೆಜ್ಜೆ ಅವನ ಕಡೆ ಹೋದಳು, ಬೇಡಿಕೊಳ್ಳಲು. ಅವನು ಕಾಲೆತ್ತಿ ಹೊಟ್ಟೆಗೆ ಒದ್ದ. ಅವಳು ಗಾಲಿಗೆ ಬಡಿದು ಬಿದ್ದಳು, ತಲೆಯ ಪಟ್ಟಿ ಮತ್ತೆ ಕೆಂಪಾಯಿತು. ನಾನು ಮೆಟ್ಟಿಲು ಇಳಿಯುವುದರೊಳಗೆ ಮುದುಕಿ ಬಂಡಿಯಲ್ಲಿದ್ದ ಬಾರಕೋಲು ಎಳೆದುಕೊಂಡಿದ್ದಳು. ಮೊದಲ ಏಟು ಅವನ ಭುಜಕ್ಕೆ ಬಿತ್ತು, ಎರಡನೆಯದು ಮೊಣಕಾಲಿಗೆ. ಅವನು ಕುಸಿದ ಮೇಲೂ ಹೊಡೆದಳು. ಎತ್ತುಗಳು ಬೆದರಿ ನೊಗ ಎಳೆದಾಡಿದವು. ಬಿಡಿಸಲು ಹೋದ ಕಂಪೌಂಡರನ್ನು ಆಯಾ ರಟ್ಟೆ ಹಿಡಿದು ನಿಲ್ಲಿಸಿದಳು.

"ಆಕಿ ತವರಮನಿ ಯಾವದಲೇ? ನನ್ನ ತವರಮನಿ ಅಲ್ಲೇನು? ಆ ರಕ್ತ ಹೊಲಸಾದ್ರ ನೀ ಎಲ್ಲಿಂದ ಬಂದಿ? ಇದೇ ಹೊಟ್ಟ್ಯಾಗಿಂದ ಬಂದೀಲೇ, ಬರಿ ತಿಂದ ಹೊಟ್ಟ್ಯಾಗಿಂದ! ಇಕಿ ಹೊರಗ ಹೋದ್ರ ನಾನೂ ಹೋಗ್ತೇನಿ. ನಿನಗ ರೊಟ್ಟಿ ಬಡ್ಯಾಕ ಯಾರ ಬರ್ತಾರ ನೋಡ್ತೇನಿ."

ಹೊಡೆತ ಬೇನೆಗೆ ಔಷಧವಲ್ಲ ಎಂದು ಡಾಕ್ಟರಾಗಿ ನಾನು ಹೇಳಬೇಕು. ಹೇಳುತ್ತೇನೆ. ಆದರೆ ಅವತ್ತು ನಾನು ಮೆಟ್ಟಿಲ ಮೇಲೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತೆ. ಅವನು ಎದ್ದ ಮೇಲೆ, ನಿನ್ನದೂ ಒಮ್ಮೆ ಪರೀಕ್ಷೆ ಮಾಡಬೇಕು, ನೀನೂ ಅದೇ ರಕ್ತದವನು ಎಂದೆ. ಅವನು ನನ್ನ ಕಡೆ ಉಗುಳಿ ಬಂಡಿ ಹೊಡೆದುಕೊಂಡು ಒಬ್ಬನೇ ಹೋದ. ಹೆಂಗಸರಿಬ್ಬರೂ ನಡೆದುಕೊಂಡೇ ಮನೆಗೆ ಹೋದರು.

ಇಬ್ಬರನ್ನೂ ರಕ್ತಪರೀಕ್ಷೆಗೆ ಗುಲಬರ್ಗಾಕ್ಕೆ ಕಳಿಸಿದೆ. ಗುಳಿಗೆ ಶುರುವಾದವು. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ ಉಣ್ಣಿರಿ, ಬೆಲ್ಲ-ಸಕ್ಕರೆ ಕಣ್ಣಿಗೂ ಕಾಣಬಾರದು ಎಂದೆ. ಸಕ್ಕರೆ ಇಳಿದ ಮೇಲೆ, ಹಿಂದೆ ಸೋತಿದ್ದ ಅದೇ ಜಾಂಬಳಿ ಔಷಧ ಗೆದ್ದಿತು. ತುರಿಕೆ ಹೋದದ್ದು ತಿರುಗಿ ಬರಲಿಲ್ಲ. ನೆತ್ತಿಯ ಗಾಯ ಕೂಡಿತು, ಕೂದಲು ಬಂತು. ಅದಾದ ಮೇಲೆ ಬಿಳಿ ಹೋಗುತ್ತದೆ ಎಂದು ಬಂದ ಪ್ರತಿಯೊಬ್ಬರಿಗೂ ನಾನು ಹೇಳಿದ್ದು ಇಷ್ಟೇ: ಒಮ್ಮೆ ಬಂದು ಔಷಧಕ್ಕೆ ಹೋದರೆ ಹೋಯಿತು. ಮತ್ತೆ ಮತ್ತೆ ಬಂದರೆ ನಾಚಿಕೊಂಡು ಮನೆಯಲ್ಲಿ ಕೂಡಬೇಡಿ, ಪಕ್ಕದ ಮನೆಯವಳ ಔಷಧ ಹಚ್ಚಬೇಡಿ. ಯಾಕೆ ತಿರುಗಿ ಬರುತ್ತಿದೆ ಎಂದು ಡಾಕ್ಟರನ್ನು ಕೇಳಿರಿ. ಡಾಕ್ಟರು ಬರೀ ಹಚ್ಚಿ ಕಳಿಸಿದರೆ ಜಗಳ ತೆಗೆಯಿರಿ. ವಾಸನೆ, ಜ್ವರ, ಕೆಳಹೊಟ್ಟೆಯ ನೋವು, ರಕ್ತ ಕಂಡರೆ, ಬಸುರಿದ್ದರೆ, ಒಂದು ದಿನವೂ ತಡಮಾಡಬೇಡಿ.

ಸೊಸೆಗೆ ನಳಿಗೆಯ ಪರೀಕ್ಷೆ ಮಾಡುವುದನ್ನು ಕಲಿಸಿದೆ. ಬೇಗ ಕಲಿತಳು. ಔಷಧಕ್ಕೆ ಬಂದಾಗಲೆಲ್ಲ ತನ್ನದನ್ನೂ ಅತ್ತೆಯದನ್ನೂ ತಾನೇ ಕಾಯಿಸಿ, ಬಣ್ಣ ನೋಡಿ ನನಗೆ ಹೇಳುತ್ತಿದ್ದಳು. ಮನೆಯಲ್ಲಿ ಗಂಡ ಮಾತಾಡುತ್ತಿರಲಿಲ್ಲ, ಕೈಯನ್ನೂ ಎತ್ತುತ್ತಿರಲಿಲ್ಲ. ಮುದುಕಿ ಬಾರಕೋಲನ್ನು ತನ್ನ ಹಾಸಿಗೆಯ ಬದಿಗೇ ಇಟ್ಟುಕೊಂಡಿದ್ದಾಳೆ ಎಂದು ತಿಳಿಯಿತು. ಮದುವೆಯ ಮಾತು ನಿಂತಿರಲಿಲ್ಲ, ಹೆಣ್ಣು ನೋಡುತ್ತಿದ್ದ.

ಮಳೆಗಾಲದ ಒಂದು ಮುಂಜಾನೆ ಅವನು ಬಂದ. ಹೆಂಗಸರ ಸಾಲಿನ ಕೊನೆಯಲ್ಲಿ ನಿಂತಿದ್ದ, ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಶೀಶೆ. ಒಂದು ಬದಿಯ ಕಿವಿ ಕಪ್ಪಾಗಿ ಊದಿತ್ತು, ನನ್ನ ಟ್ರೇಯ ಗಾಯ ಇನ್ನೂ ಒಸರುತ್ತಿತ್ತು. ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ಅವನು ಯಾರೆಂದು ಗೊತ್ತಿತ್ತು. ಯಾರೂ ಅವನಿಗೆ ಜಾಗ ಬಿಡಲಿಲ್ಲ, ನಾನೂ ಮುಂದೆ ಕರೆಯಲಿಲ್ಲ. ಅವನ ಪಾಳಿ ಬಂದಾಗ ತಲೆ ಎತ್ತದೆ ಹೇಳಿದ.

"ಕಿವಿ ಮಾಯವಲ್ದ್ರಿ. ಮತ್ತ... ನನಗೂ ತುರಕಿ ಅದರಿ. ಅಲ್ಲೇ. ಭಾಳ ದಿನಾತು."

ಆಕೆ ಅವತ್ತು ಗುಳಿಗೆಗೆ ಬಂದು ಒಳಗೆ ನಳಿಗೆ ತೊಳೆಯುತ್ತಿದ್ದಳು. ನಾನು ಶೀಶೆಯನ್ನು ಅವನಿಂದ ತೆಗೆದುಕೊಂಡು ಅವಳ ಕೈಗೆ ಕೊಟ್ಟೆ. ಅವಳು ಗಂಡನ ಕಡೆ ನೋಡಲಿಲ್ಲ. ನೀಲಿ ದ್ರಾವಣ ಹಾಕಿದಳು, ಹನಿ ಬಿಟ್ಟಳು, ದೀಪ ಹಚ್ಚಿ ನಳಿಗೆಯನ್ನು ಓರೆಯಾಗಿ ಹಿಡಿದು ಅಲ್ಲಾಡಿಸತೊಡಗಿದಳು. ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಹಳದಿ ನಿಲ್ಲದೆ ಕೆಂಪಿಗೆ ತಿರುಗಿತು. ನಳಿಗೆ ಹಿಡಿದ ಕೈಯನ್ನು ಆಕೆ ಅವನಿಗೆ ಕಾಣಲಿ ಎಂದು ಮೇಲಕ್ಕೆತ್ತಿದಳು. ಕೈ ಮೇಲಾದದ್ದೇ ತಡ, ಆ ದೊಡ್ಡ ಆಳು ಒಂದು ಹೆಜ್ಜೆ ಹಿಂದೆ ಸರಿದು ತಲೆಗೆ ತೋಳು ಅಡ್ಡ ತಂದ.

"ಅಂಜಬ್ಯಾಡ್ರಿ" ಎಂದಳು ಆಕೆ. "ನಾ ಹೊಡ್ಯಾಂಗಿಲ್ಲ."